ಮಗುವಿನ ಮೊದಲ ವಿಂಟರ್ ಜಾಕೆಟ್: ಟೊರೊಂಟೊ ಕಡೆಗೆ ಹೊಸದಾಗಿ ಬಂದವರಿಗೆ

ಬೆಂಗಳೂರಿನಿಂದ ಬರುವಾಗಲೇ ಮಗುವಿಗೆ ಜಾಕೆಟ್ ತಂದುಬಿಡೋಣವಾ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬೇಡ. ಸೂಟ್‌ಕೇಸಿನ ಆ ಜಾಗದಲ್ಲಿ ಸಾರಿನ ಪುಡಿ, ಹುಳಿಪುಡಿ ತನ್ನಿ. ಅಲ್ಲಿ ದಪ್ಪ ಎನಿಸುವ ಜಾಕೆಟ್ ಇಲ್ಲಿ ಅಕ್ಟೋಬರ್ ದಾಟುವುದಿಲ್ಲ. ಅಜ್ಜಿ ಹೆಣೆದ ಉಣ್ಣೆ ಸ್ವೆಟರ್ ಇದ್ದರೆ ಮಾತ್ರ ಖಂಡಿತ ತನ್ನಿ, ಅದಕ್ಕೆ ಜಾಕೆಟ್ಟಿನ ಒಳಗೆ ಕೆಲಸವಿದೆ.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಈ ಜಾಕೆಟ್ ಮನೆಯಿಂದ ಕಾರಿಗೆ, ಕಾರಿನಿಂದ ಅಂಗಡಿಗೆ ಹೋಗಲು ಅಲ್ಲ. ಶಾಲೆಯ ಬಯಲಿನಲ್ಲಿ ಆಡಲು. ಚಳಿ ಎಂದು ಇಲ್ಲಿ ಮಕ್ಕಳನ್ನು ಒಳಗೆ ಕೂರಿಸುವುದಿಲ್ಲ, ರಿಸೆಸ್, ಅಂದರೆ ಶಾಲೆಯ ಆಟದ ಬಿಡುವು, ಹೊರಗೇ. ಗಾಳಿಯ ಹೊಡೆತ ಸೇರಿದ ‘ವಿಂಡ್ ಚಿಲ್’ ಮೈನಸ್ 28 ಮುಟ್ಟಿದರೆ ಮಕ್ಕಳು ಒಳಗಿರಲಿ ಎನ್ನುತ್ತದೆ ಇಲ್ಲಿನ ಮಕ್ಕಳ ವೈದ್ಯರ ಸಂಘ, ಕೆನೇಡಿಯನ್ ಪೀಡಿಯಾಟ್ರಿಕ್ ಸೊಸೈಟಿ. ಆ ಚಳಿಯಲ್ಲಿ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಒಳಗೆ ಕೂರಿಸುವ ಲೆಕ್ಕ ಶಾಲೆಯಿಂದ ಶಾಲೆಗೆ ಬೇರೆ, ಕೇಳಿ ತಿಳಿದುಕೊಳ್ಳಿ. ಮೈನಸ್ 10, ಮೈನಸ್ 15 ಎಲ್ಲ ಆಟದ ದಿನಗಳೇ.

ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ಅಂಗಡಿಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನದನ್ನು ಹುಡುಕಿ, ಕೈ ಬಿಚ್ಚಿ ದುಡ್ಡು ಕೊಟ್ಟು ತಂದೆ. ಒಂದು ವಾರ ಮಗಳು ಮನೆಗೆ ಬಂದಾಗಲೆಲ್ಲ ಒಳಗಿನ ಅಂಗಿಯ ಎದೆ ಒದ್ದೆ. ಕೊನೆಗೆ ತಿಳಿಯಿತು: ಜಿಪ್ ಬಿಗಿ, ಅದರ ಮೇಲೊಂದು ಪಟ್ಟಿ, ಪಟ್ಟಿಗೆ ಗುಂಡಿ. ನಾಲ್ಕು ವರ್ಷದ ಕೈಗೆ ಅದು ಬರುತ್ತಿರಲಿಲ್ಲ. ಜಾಕೆಟ್ ತೆರೆದುಕೊಂಡೇ ಹಿಮದಲ್ಲಿ ಆಡುತ್ತಿದ್ದಳು. ಟೀಚರನ್ನು ಬೈಯುವ ಹಾಗಿಲ್ಲ, ಕಿಂಡರ್‌ಗಾರ್ಟನ್ ತರಗತಿಯಲ್ಲಿ ಇಪ್ಪತ್ತೈದರ ಮೇಲೆ ಮಕ್ಕಳಿರಬಹುದು, ದೊಡ್ಡವರು ಇಬ್ಬರು. ಜೂನಿಯರ್ ಕಿಂಡರ್‌ಗಾರ್ಟನ್ ಸೇರುವಾಗ ಕೆಲವಕ್ಕೆ ಇನ್ನೂ ನಾಲ್ಕು ತುಂಬಿರುವುದಿಲ್ಲ. ನಮ್ಮಲ್ಲಿ ಐದಾರು ವರ್ಷದವರೆಗೂ ನಾವೇ ಅಂಗಿ ತೊಡಿಸುತ್ತೇವಲ್ಲ, ಪೆಟ್ಟು ಬೀಳುವುದು ಅಲ್ಲೇ.

ಹಾಗಾಗಿ ಅಂಗಡಿಯಲ್ಲಿ ಕೆಳಗೆ ಬಾಗಬೇಡಿ, ಮಗುವೇ ಹಾಕಿಕೊಳ್ಳಲಿ. ಜಿಪ್ಪಿನ ಹಿಡಿ ದೊಡ್ಡದಿದೆಯೇ, ಕೈಗವಸು ಹಾಕಿಕೊಂಡೇ ಎಳೆಯಲು ಬರುತ್ತದೆಯೇ ನೋಡಿ. ಇಲ್ಲಿನ ಮಕ್ಕಳು ಕಲಿಯುವ ಉಪಾಯವೊಂದಿದೆ: ಜಾಕೆಟನ್ನು ಒಳಭಾಗ ಮೇಲೆ ಬರುವಂತೆ ನೆಲದ ಮೇಲೆ ಹರಡಿ, ಟೋಪಿ ಇರುವ ಕಡೆ ನಿಂತು, ಬಗ್ಗಿ ಎರಡೂ ತೋಳಿಗೆ ಕೈ ತೂರಿಸಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು. ಜಾಕೆಟ್ ತಾನಾಗಿ ಬೆನ್ನಿಗೆ ಕೂರುತ್ತದೆ. ಮನೆಯಲ್ಲಿ ಎರಡು ದಿನ ಆಡಿಸಿ. ಕ್ರಮವನ್ನೂ ಬಾಯಿಪಾಠ ಮಾಡಿಸಿ: ಸ್ನೋ ಪ್ಯಾಂಟ್, ಬೂಟು, ಜಾಕೆಟ್, ಟೋಪಿ, ಕೊನೆಗೆ ಕೈಗವಸು. ಕೈಗವಸು ಮೊದಲು ಹಾಕಿಕೊಂಡವರ ಗತಿ ನೀವೇ ಊಹಿಸಿ.

ಇನ್ನು ಒಳಗೆ ಏನು ತುಂಬಿರಬೇಕು. ಬಾತುಕೋಳಿ ಪುಕ್ಕದ ‘ಡೌನ್’ ಹಗುರ, ಬಹಳ ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆಗಟ್ಟಿ ಬಿಸಿ ಹಿಡಿಯುವುದಿಲ್ಲ. ಒಗೆದ ಮೇಲೆ ಎರಡು ಟೆನ್ನಿಸ್ ಚೆಂಡು ಹಾಕಿ ಸಣ್ಣ ಉರಿಯಲ್ಲಿ ಡ್ರೈಯರ್ ಓಡಿಸಿದರೇ ಮತ್ತೆ ಉಬ್ಬುವುದು. ಟೊರೊಂಟೊದ ಚಳಿಗಾಲ ಅರ್ಧ ಕೆಸರುಹಿಮ, ಮಕ್ಕಳು ಅದರಲ್ಲಿ ಉರುಳುತ್ತಾರೆ. ನನ್ನ ಓಟು ಸಿಂಥೆಟಿಕ್ ತುಂಬಿದ, ಹೊರಬಟ್ಟೆ ನೀರನ್ನು ಒಳಗೆ ಬಿಡದ ಜಾಕೆಟ್ಟಿಗೆ. ‘ವಾಟರ್ ರೆಸಿಸ್ಟೆಂಟ್’ ಮತ್ತು ‘ವಾಟರ್‌ಪ್ರೂಫ್’ ಒಂದೇ ಅಲ್ಲ, ಮೊದಲನೆಯದು ಒಂದು ಚಿಕ್ಕ ತುಂತುರಿಗೆ ಸಾಕು ಅಷ್ಟೇ. ಮೈನಸ್ 30 ಎಂದು ಚೀಟಿ ಅಂಟಿಸಿದ್ದನ್ನು ಪೂರ್ತಿ ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ.

ಜಾಕೆಟ್ ಎಷ್ಟೇ ಒಳ್ಳೆಯದಿರಲಿ, ಒಳಗೆ ಹತ್ತಿ ಬನಿಯನ್ ಹಾಕಿದರೆ ಅರ್ಧ ವ್ಯರ್ಥ. ಓಡಿ ಬೆವರಿದ ಮೇಲೆ ಹತ್ತಿ ಒದ್ದೆಯಾಗಿ ಮೈಗೆ ಅಂಟಿ, ನಿಂತ ತಕ್ಷಣ ನಡುಕ ಹುಟ್ಟಿಸುತ್ತದೆ. ಪಾಲಿಯೆಸ್ಟರ್ ಥರ್ಮಲ್ ಅಥವಾ ಮೆರಿನೊ ಉಣ್ಣೆ ಹಾಕಿ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಂಬಳಿಕೊಪ್ಪೆ ಹೊದ್ದು ಮಳೆಯಲ್ಲಿ ಗದ್ದೆಗಿಳಿದವರ ಮೊಮ್ಮಕ್ಕಳು ನಾವು, ನೆನೆದ ಉಣ್ಣೆಯಲ್ಲೂ ಬಿಸಿ ಉಳಿಯುತ್ತದೆ.

ಅಳತೆ: ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜ್ ದೊಡ್ಡದು ತರುವ ಚಾಳಿ ನಮ್ಮದು. ಒಂದು ಸೈಜ್ ಸಾಕು. ಸಡಿಲವಿದ್ದರೆ ಗಾಳಿ ಒಳಗೆ ಓಡಾಡುತ್ತದೆ, ತೋಳು ಬೆರಳು ದಾಟಿದರೆ ಮಗು ಏಣಿ ಹತ್ತಲಾರದು. ಒಳಗೆ ಸ್ವೆಟರ್ ಹಾಕಿಸಿ, ಎರಡೂ ಕೈ ಮೇಲೆತ್ತಿಸಿ, ಸೊಂಟ ಕಾಣದಿದ್ದರೆ ಸರಿ. ಕೊಲಂಬಿಯಾ ಕಂಪನಿಯ ಕೆಲವು ಮಕ್ಕಳ ಜಾಕೆಟ್‌ಗಳಲ್ಲಿ ತೋಳಿನೊಳಗೊಂದು ಹೊಲಿಗೆ ಇರುತ್ತದೆ, ಅದನ್ನು ಬಿಚ್ಚಿದರೆ ತೋಳು ಉದ್ದವಾಗುತ್ತದೆ. ಬಣ್ಣ ಎದ್ದು ಕಾಣುವಂಥದ್ದಿರಲಿ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ 4:40ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಪ್ಪು ಜಾಕೆಟ್ ರಸ್ತೆಯಲ್ಲಿ ಕಾಣುವುದಿಲ್ಲ.

ಕುತ್ತಿಗೆಯ ಹತ್ತಿರ ಎಳೆಯುವ ದಾರ ಇದ್ದರೆ ಬಿಡಿ, ಜಾರುಬಂಡೆಯ ಸಂದಿಗೆ ಸಿಕ್ಕರೆ ಉಸಿರಿಗೇ ಅಪಾಯ. ಮಫ್ಲರಿಗೂ ಅದೇ ಮಾತು, ತಲೆಯಿಂದ ತೂರಿಸುವ ನೆಕ್ ವಾರ್ಮರ್ ತನ್ನಿ.

ಇದನ್ನು ಬಹಳ ಜನ ತಪ್ಪು ಮಾಡುತ್ತಾರೆ: ಉಬ್ಬಿದ ಜಾಕೆಟ್ ಹಾಕಿಸಿಯೇ ಕಾರ್ ಸೀಟಿನ ಬೆಲ್ಟ್ ಬಿಗಿಯುವುದು. ಒಮ್ಮೆ ಹಾಗೆ ಬಿಗಿದು, ಮಗುವನ್ನು ಇಳಿಸಿ, ಜಾಕೆಟ್ ತೆಗೆದು, ಬೆಲ್ಟ್ ಸಡಿಲಿಸದೆ ಮತ್ತೆ ಕೂರಿಸಿ ನೋಡಿ. ಬೆಲ್ಟ್ ಜೋಲುತ್ತಿದ್ದರೆ, ಅಪಘಾತದಲ್ಲಿ ಜಾಕೆಟ್ ಅಮುಕಿ ಬಿಡುವ ಜಾಗ ಅಷ್ಟು. ಬರೀ ಸ್ವೆಟರಿನಲ್ಲಿ ಬೆಲ್ಟ್ ಹಾಕಿ, ಜಾಕೆಟನ್ನು ಮುಂದಿನಿಂದ ಹೊದಿಸಿ.

ಖರ್ಚಿನ ಮಾತು. ಒಂಟಾರಿಯೊದಲ್ಲಿ ಮಕ್ಕಳ ಬಟ್ಟೆಗೆ ಬಿಲ್ಲಿನಲ್ಲೇ 8 ಪರ್ಸೆಂಟ್ ತೆರಿಗೆ ಬಿಡುತ್ತಾರೆ, 13ರ ಬದಲು 5. ನೂರು ಡಾಲರ್ ಜಾಕೆಟ್ಟಿಗೆ 105 ಕೊಡಬೇಕು, 113 ಅಲ್ಲ, ಬಿಲ್ ನೋಡಿಕೊಳ್ಳಿ. ಕಾಸ್ಟ್‌ಕೋಗೆ ಬೇಸಿಗೆ ಮುಗಿಯುವ ಮುಂಚೆಯೇ ಜಾಕೆಟ್‌ಗಳು ಬರುತ್ತವೆ, ನವೆಂಬರಿನಲ್ಲಿ ಹೋದರೆ ಬೇಕಾದ ಸೈಜ್ ಸಿಗದಿರಬಹುದು. ವ್ಯಾಲ್ಯೂ ವಿಲೇಜ್, ಒನ್ಸ್ ಅಪಾನ್ ಎ ಚೈಲ್ಡ್ ಥರದ ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ಮುಖ ಸಿಂಡರಿಸಬೇಡಿ. ಮಕ್ಕಳು ಒಂದೇ ಚಳಿಗಾಲ ಹಾಕಿ ಬಿಟ್ಟದ್ದು ಅಲ್ಲಿರುತ್ತದೆ, ಜಿಪ್ ಎರಡು ಸಲ ಎಳೆದು ನೋಡಿ ತನ್ನಿ.

ಕೈಗವಸಿನಲ್ಲಿ ಬೆರಳು ಬಿಡಿಬಿಡಿ ಇರುವುದಕ್ಕಿಂತ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಅದನ್ನು ಮೂರು ಜೊತೆ ತನ್ನಿ, ಮೂರೂ ಒಂದೇ ಬಣ್ಣದ್ದು, ಹೆಸರು ಬರೆದು. ಬೇರೆ ಬೇರೆ ಬಣ್ಣದ್ದು ತಂದ ನಮ್ಮ ಮನೆಯಲ್ಲಿ ಈಗ ಎಡಗೈಯದೇ ನಾಲ್ಕು ಉಳಿದಿವೆ.