ಉಸಿರು ಸರಾಗವಾಗಿರುವಾಗಲೇ ಆಡಬೇಕಾದ ಮಾತು

ನಾನು ಶ್ವಾಸಕೋಶದ ವೈದ್ಯ. ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಇರುವವರನ್ನೇ ಜಾಸ್ತಿ ನೋಡುತ್ತೇನೆ. ಈ ಕಾಯಿಲೆ ಒಂದೇ ಸಮನೆ ಹೆಚ್ಚುತ್ತಾ ಹೋಗುವುದಿಲ್ಲ. ತಿಂಗಳುಗಟ್ಟಲೆ ಇನ್‌ಹೇಲರ್‌ನಲ್ಲಿ ಹೇಗೋ ನಡೆಯುತ್ತದೆ. ಆಮೇಲೆ ಒಂದು ಶೀತವೋ ಸೋಂಕೋ ಬಂದು ರಾತ್ರೋರಾತ್ರಿ ಆಸ್ಪತ್ರೆಗೆ ತಂದು ಹಾಕುತ್ತದೆ. ವೆಂಟಿಲೇಟರ್ ಹಾಕಬೇಕೇ ಬೇಡವೇ ಎಂಬ ಪ್ರಶ್ನೆ ಬರುವುದು ಆಗಲೇ. ರೋಗಿಗೆ ಒಂದು ಮಾತು ಮುಗಿಸಲೂ ಉಸಿರಿಲ್ಲ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬೇರೆ. ಹೊರಗೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿರುತ್ತಾರೆ.

ಅದಕ್ಕೇ ಈ ಮಾತನ್ನು ರೋಗಿ ಚೆನ್ನಾಗಿರುವ ದಿನ ಎತ್ತುತ್ತೇನೆ. ಡಿಸ್ಚಾರ್ಜ್ ಆಗಿ ಕೆಲವು ವಾರ ಬಿಟ್ಟು ತೋರಿಸಿಕೊಳ್ಳಲು ಬರುತ್ತಾರಲ್ಲ, ಅದು ಸರಿಯಾದ ಹೊತ್ತು. ಆಸ್ಪತ್ರೆಯಲ್ಲಿ ಪಟ್ಟ ಪಾಡು ಮರೆತಿರುವುದಿಲ್ಲ, ಮಾತಾಡಲು ಉಸಿರೂ ಇರುತ್ತದೆ. ಮನೆಯವರೊಬ್ಬರನ್ನು ಕರೆದುಕೊಂಡು ಬನ್ನಿ ಎಂದು ಮೊದಲೇ ಹೇಳಿರುತ್ತೇನೆ.

ಶುರುವಿಗೇ ವೆಂಟಿಲೇಟರ್ ಹೆಸರೆತ್ತುವುದಿಲ್ಲ. "ಹೋದ ಸಲ ಆಸ್ಪತ್ರೆಯಲ್ಲಿ ಯಾವುದು ತುಂಬಾ ಕಷ್ಟ ಆಯ್ತು?" ಎಂದು ಕೇಳುತ್ತೇನೆ. ಒಬ್ಬ ನಿವೃತ್ತ ಮೇಷ್ಟ್ರು ಹೇಳಿದರು: "ಮಾಸ್ಕ್ ತಡ್ಕೊಂಡೆ ಡಾಕ್ಟ್ರೇ. ಮಾತಾಡೋಕೆ ಆಗ್ತಿರಲಿಲ್ಲವಲ್ಲ, ಅದೇ ಸಾಕುಸಾಕಾಯ್ತು." ಪಕ್ಕದಲ್ಲಿದ್ದ ಮಗಳಿಗೆ ಆಶ್ಚರ್ಯ. "ಇದನ್ನ ನಮಗೆ ಹೇಳ್ಲೇ ಇಲ್ವಲ್ಲ ಅಪ್ಪಾ?"

ಅಲ್ಲಿಂದ ಮುಂದಿನ ದಾರಿ ಸುಲಭ. ಮಾಸ್ಕ್‌ಗೂ ಗಂಟಲಿಗೆ ಇಳಿಸಿ ವೆಂಟಿಲೇಟರ್‌ಗೆ ಜೋಡಿಸುವ ಕೊಳವೆಗೂ ಇರುವ ವ್ಯತ್ಯಾಸ ವಿವರಿಸಿದೆ. ಸಿಒಪಿಡಿ ಉಲ್ಬಣಿಸಿದಾಗ ಬಿಗಿಯಾದ ಮಾಸ್ಕ್‌ನಿಂದ ಗಾಳಿ ಒತ್ತಿ ಕೊಟ್ಟರೆ ಎಷ್ಟೋ ಜನಕ್ಕೆ ಕೊಳವೆಯೇ ಬೇಕಾಗುವುದಿಲ್ಲ. ಮಧ್ಯೆ ಸ್ವಲ್ಪ ಹೊತ್ತು ಅದನ್ನು ತೆಗೆಯಲೂಬಹುದು. ಕೊಳವೆ ಹಾಕಿದರೆ ಮಾತು ನಿಲ್ಲುತ್ತದೆ, ಸಾಮಾನ್ಯವಾಗಿ ಮಂಪರಿನ ಔಷಧಿ ಕೊಡುತ್ತಾರೆ. ಕೆಲವರು ಕೆಲವೇ ದಿನಗಳಲ್ಲಿ ಅದರಿಂದ ಹೊರಬರುತ್ತಾರೆ. ಸೋತ ಶ್ವಾಸಕೋಶ ಇರುವ ಕೆಲವರಿಗೆ ಆಗುವುದಿಲ್ಲ, ಕುತ್ತಿಗೆಯಲ್ಲಿ ರಂಧ್ರ ಮಾಡಿ ಅಲ್ಲಿಂದ ಕೊಳವೆ ಹಾಕಬೇಕಾಗಬಹುದು.

ಮೇಷ್ಟ್ರು ಮಾಸ್ಕ್ ಸಾಕು, ಕೊಳವೆ ಬೇಡ ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬೇಡ ಅಂದ್ರೆ ಉಸಿರುಗಟ್ಟಿ ಒದ್ದಾಡ್ಬೇಕಾ?" ಎಂದು ಕೇಳಿದರು.

ಹೆಚ್ಚಿನವರ ಮನಸ್ಸಿನಲ್ಲಿರುವ ಭಯ ಇದೇ. ಬಾಯಿಬಿಟ್ಟು ಕೇಳುವವರು ಕಡಿಮೆ. ಹಾಗಾಗಿ ಕೇಳದಿದ್ದರೂ ನಾನೇ ಹೇಳುತ್ತೇನೆ. ಕೊಳವೆ ಬೇಡ ಎಂದರೆ ಚಿಕಿತ್ಸೆ ಬೇಡ ಎಂದಲ್ಲ. ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವ ನೆಬ್ಯುಲೈಸರ್, ಸ್ಟೀರಾಯ್ಡ್, ಸೋಂಕಿದ್ದರೆ ಆ್ಯಂಟಿಬಯಾಟಿಕ್, ಎಲ್ಲವೂ ನಡೆಯುತ್ತದೆ. ಅದೂ ಫಲಿಸದೆ ಕೊನೆಯ ಹಂತ ಬಂದರೆ, ಅಳತೆ ನೋಡಿ ಕೊಡುವ ಸಣ್ಣ ಪ್ರಮಾಣದ ಮಾರ್ಫಿನ್ ಏದುಸಿರಿನ ಸಂಕಟವನ್ನು ತಗ್ಗಿಸುತ್ತದೆ. ಮುಖಕ್ಕೆ ಗಾಳಿ ಬೀಸುವ ಒಂದು ಪುಟ್ಟ ಫ್ಯಾನ್ ಕೂಡ ಹಿತ ಕೊಡುತ್ತದೆ. ಯಾರನ್ನೂ ಸುಮ್ನೆ ಒದ್ದಾಡಲು ಬಿಡುವುದಿಲ್ಲ.

ರೋಗಿಗೆ ಮಾತಾಡಲು ಆಗದಿದ್ದಾಗ ಅವರ ಪರವಾಗಿ ಯಾರು ಮಾತಾಡಬೇಕು ಎಂಬುದಕ್ಕೆ ನಾನು ಜಾಸ್ತಿ ಸಮಯ ಕೊಡುತ್ತೇನೆ. ಹಿರಿಮಗ ಎಂಬ ಕಾರಣಕ್ಕೇ ಅವನಾಗಬೇಕಿಲ್ಲ. ಕಣ್ಣೀರು ಬರುತ್ತಿದ್ದರೂ ಅಪ್ಪನ ಮಾತನ್ನು ಅಪ್ಪನ ಮಾತಾಗಿಯೇ ಹೇಳುವವರು ಬೇಕು. ಮೇಷ್ಟ್ರು ಮಗಳನ್ನು ಆರಿಸಿದರು. ಅಪ್ಪ ಹೇಳಿದ್ದನ್ನು ಮಗಳ ಬಾಯಿಂದಲೇ ನನ್ನೆದುರು ಹೇಳಿಸಿದೆ. ಉಳಿದ ಮಕ್ಕಳಿಗೆ ಫೋನ್ ಮಾಡಿ ತಿಳಿಸುವಂತೆ ಮೇಷ್ಟ್ರಿಗೇ ಹೇಳಿದೆ. ಇದು ತಪ್ಪಿದರೆ ಆಸ್ಪತ್ರೆಯ ಬಾಗಿಲಲ್ಲೇ ಜಗಳ ಶುರುವಾಗುತ್ತದೆ.

ಈ ತೀರ್ಮಾನಗಳನ್ನೆಲ್ಲ ಬರೆದಿಟ್ಟದ್ದು ಒಂದೇ ಹಾಳೆಯಲ್ಲಿ. ಒಂದು ಪ್ರತಿ ಫೈಲಿನ ಮೊದಲ ಪುಟಕ್ಕೆ, ಇನ್ನೊಂದು ಮನೆಯಲ್ಲಿ ಇನ್‌ಹೇಲರ್ ಇಡುವ ಚೀಲಕ್ಕೆ. ಸಾಕ್ಷಿ, ಸಹಿಗಳ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಅದನ್ನು ವಿಚಾರಿಸಿಯೇ ಮಾಡಬೇಕು. ರೋಗಿಗೆ ಪ್ರಜ್ಞೆ, ತಿಳುವಳಿಕೆ ಇರುವವರೆಗೂ ಹಾಳೆಗಿಂತ ಅವರ ಬಾಯಿಮಾತೇ ದೊಡ್ಡದು.

ಪ್ರತಿ ಸಲ ಆಸ್ಪತ್ರೆ ಸೇರಿ ಬಂದ ಮೇಲೆ ಆ ಹಾಳೆಯನ್ನು ಮತ್ತೆ ಓದುತ್ತೇವೆ. ಮುಂದಿನ ಸಲ ಮೇಷ್ಟ್ರು ಮನಸ್ಸು ಬದಲಿಸಿದ್ದರು. ವಾಸಿಯಾಗುವಂಥ ನ್ಯುಮೋನಿಯಾ ಆದರೆ ಕೆಲವು ದಿನ ಕೊಳವೆ ಹಾಕಿ ನೋಡಿ, ಸುಧಾರಿಸದಿದ್ದರೆ ತೆಗೆದುಬಿಡಿ, ಕುತ್ತಿಗೆಯ ರಂಧ್ರ ಮಾತ್ರ ಬೇಡ ಎಂದರು. ಹೀಗೆ ಗಡುವು ಇಟ್ಟುಕೊಂಡು ನೋಡುವುದು ಒಳ್ಳೆಯ ದಾರಿಯೇ. ಹೊಸ ಹಾಳೆ ಬರೆದು ತಾರೀಖು ಹಾಕಿದೆವು. ಚೀಲದಲ್ಲಿದ್ದ ಹಳೆಯದನ್ನು ಮಗಳು ಅಲ್ಲೇ ಹರಿದುಹಾಕಿದರು.