ಕಾಶ್ಮೀರದ ಗುಲ್ಮಾರ್ಗ್‌ಗೆ ಗುಂಪಾಗಿ ಹೋಗೋರು ಎಲ್ಲಿ ಉಳಿಯಬೇಕು?

ಸ್ಕೀಯಿಂಗ್ ಬರುವವರು, ಬಾರದವರು ಒಟ್ಟಿಗೆ ಹೊರಟಿದ್ದರೆ ರೂಮನ್ನು ಗುಲ್ಮಾರ್ಗ್‌ನಲ್ಲೇ ಮಾಡಿ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಬೆಟ್ಟದ ಕೆಳಗಿನ ಊರು ತಂಗ್‌ಮಾರ್ಗ್ ಸುಮಾರು 13 ಕಿಲೋಮೀಟರ್ ಅಷ್ಟೇ, ಆದರೆ ಹಿಮ ಬಿದ್ದ ದಿನ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಗೆ ಕಾಯುವುದರಲ್ಲೇ ಬೆಳಗ್ಗೆ ಕಳೆದುಹೋಗುತ್ತದೆ. ಮೇಲೆ ಉಳಿದರೆ ಹೊಸಬರು ಪಕ್ಕದ ಸಣ್ಣ ಇಳಿಜಾರಿನಲ್ಲೇ ಕಲಿಯಬಹುದು. ಪಳಗಿದವರು ಗೊಂಡೋಲಾ (ಕೇಬಲ್ ಕಾರ್) ಹತ್ತಿ ಅಫರ್ವಾಟ್ ಬೆಟ್ಟಕ್ಕೆ, 3,900 ಮೀಟರ್‌ಗೂ ಮೇಲೆ ಹೋಗಬಹುದು. ಅಲ್ಲಿ ಹಿಮಕುಸಿತದ ಭಯ ಇದೆ. ಸ್ನೇಹಿತರು ಕರೆದರೂ ಹೊಸಬರು ಅಲ್ಲಿಂದ ಸ್ಕೀ ಮಾಡಲು ದಯವಿಟ್ಟು ಹೋಗಬೇಡಿ. ನಮ್ಮತ್ತೆ ಗೊಂಡೋಲಾದ ಮೊದಲ ಹಂತವಾದ ಕೊಂಗ್‌ಡೂರಿವರೆಗೆ ಬಂದು, ಹಿಮ ಮುಟ್ಟಿ, ಬಿಸಿ ಕಹ್ವಾ (ಕಾಶ್ಮೀರಿ ಚಹಾ) ಕುಡಿದು ಖುಷಿಯಾಗಿ ಇಳಿದರು. ಇನ್ನೊಂದು ಮಾತು, ಸ್ಕೀ ಬೂಟು ಕಲ್ಲಿನಷ್ಟು ಗಟ್ಟಿ, ಪಾದದ ಗಂಟು ಸರಿಯಾಗಿ ಮಡಿಸೋಕೇ ಆಗಲ್ಲ. ಅದನ್ನು ಹಾಕಿಕೊಂಡು ಹತ್ತು ನಿಮಿಷ ನಡೆಯೋದೂ ಕಷ್ಟ. ಬುಕ್ ಮಾಡುವ ಮುಂಚೆ ಗೊಂಡೋಲಾ ಸ್ಟೇಷನ್ ಎಷ್ಟು ದೂರ ಅಂತ ಹೋಟೆಲಿನವರನ್ನೇ ಕೇಳಿ.