ಗೋಡೆಗೆಂದು ಕೊಂಡದ್ದು, ಲಾಭಕ್ಕೆಂದು ಕೊಂಡದ್ದು

ಬ್ಯಾಂಕಿನ ಸಾಲ ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ನಾನು, ಅಡಮಾನಕ್ಕೆ ಬರುವ ಯಾವ ವಸ್ತುವಿನ ಬೆಲೆಯನ್ನಾದರೂ ಅಂದಾಜು ಮಾಡಬಲ್ಲೆ ಎಂದುಕೊಂಡಿದ್ದವನು. 2007ರಲ್ಲಿ ಎರಡು ಕಲಾಕೃತಿಗಳನ್ನು ಕೊಂಡ ಮೇಲೆ ಆ ಭರವಸೆ ಸಡಿಲವಾಯಿತು.

ಮೊದಲನೆಯದನ್ನು ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ 4,500 ರೂಪಾಯಿಗೆ ಕೊಂಡೆ. ಅದೊಂದು ಎಚ್ಚಿಂಗ್, ಅಂದರೆ ಆಮ್ಲದಿಂದ ಗೆರೆ ಕೊರೆದ ಲೋಹದ ತಗಡಿನಿಂದ ಕಾಗದಕ್ಕೆ ಅಚ್ಚೊತ್ತಿದ ಚಿತ್ರ: ಬಾಗಿಲು ಹಾಕಿದ ಕಿರಾಣಿ ಅಂಗಡಿ, ಅದರ ಮುಂದೆ ಒರಗಿಸಿಟ್ಟ ಸೈಕಲ್ಲು, ಸೈಕಲ್ಲಿಗಿಂತ ಉದ್ದವಾದ ಅದರ ನೆರಳು. ಲೋಹದ ತಗಡಿನ ಅಂಚು ಒತ್ತಿ ಕಾಗದದಲ್ಲಿ ಮೂಡಿದ ತಗ್ಗು ಬೆರಳಿಗೆ ತಾಗುತ್ತಿತ್ತು. ಕೆಳಗೆ ಪೆನ್ಸಿಲ್ಲಿನಲ್ಲಿ 7/25 ಎಂದು ಬರೆದು, ಕಲಾವಿದೆ ಸಹಿ ಹಾಕಿದ್ದರು. ಇಪ್ಪತ್ತೈದು ಪ್ರತಿಗಳಲ್ಲಿ ಇದು ಏಳನೆಯದು ಎಂಬ ಅರ್ಥವನ್ನೂ ಅವರೇ ಹೇಳಿಕೊಟ್ಟರು.

ಎರಡನೆಯದು ಐದಡಿ ಅಗಲದ ಕ್ಯಾನ್ವಾಸ್, ಕೆಂಪು ಬಣ್ಣದ ದಟ್ಟ ಪಟ್ಟಿಗಳು. ಒಂದು ಗ್ಯಾಲರಿಯವರು ಬೆಲೆಯೇರಿಕೆಯ ನಕ್ಷೆಗಳಿದ್ದ ಕಡತವನ್ನು ನನ್ನ ಮುಂದಿಟ್ಟು, ಮೂರು ವರ್ಷದಲ್ಲಿ ದುಪ್ಪಟ್ಟಾಗುತ್ತದೆ ಎಂದರು. ಚಿತ್ರವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನಾನು ಆ ಕಡತವನ್ನು ನೋಡಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. 1,80,000 ರೂಪಾಯಿ ಕೊಟ್ಟೆ. ಮರುವರ್ಷ ಜಗತ್ತಿನ ಹಣಕಾಸು ಬಿಕ್ಕಟ್ಟು ಬಂದಾಗ ಭಾರತದ ಸಮಕಾಲೀನ ಕಲೆಯ ಬೆಲೆಗಳು ನೆಲಕಚ್ಚಿದವು. ಗ್ಯಾಲರಿಯವರನ್ನು ಮರಳಿ ಕೊಳ್ಳುತ್ತೀರಾ ಎಂದು ಕೇಳಿದರೆ, ನಾವು ಮಾರುವವರು ಮಾತ್ರ ಎಂಬ ಉತ್ತರ ಬಂತು.

ನಾನು ತಪ್ಪಿದ್ದು ಇಲ್ಲಿ: ಕೊಳ್ಳುವಾಗಿನ ಬೆಲೆ ಒಬ್ಬ ಮಾರಾಟಗಾರ ಹೇಳಿದ್ದು, ಮಾರುವಾಗಿನ ಬೆಲೆಗೆ ಇನ್ನೊಬ್ಬ ಕೊಳ್ಳುವವನು ಬೇಕು. ಹರಾಜಿನಲ್ಲಿ ಹಲವು ಬಾರಿ ಕೈ ಬದಲಾದ ಕಲಾವಿದರ ಕೃತಿಗಳಿಗೆ ಅಂಥವನು ಸಿಗುತ್ತಾನೆ, ಉಳಿದವರ ಕೃತಿಗಳಿಗೆ ಬಹುಮಟ್ಟಿಗೆ ಸಿಗುವುದಿಲ್ಲ. 2025ರ ಮಾರ್ಚಿನಲ್ಲಿ ಎಂ. ಎಫ್. ಹುಸೇನರ 'ಗ್ರಾಮ ಯಾತ್ರಾ' ನ್ಯೂಯಾರ್ಕಿನ ಹರಾಜಿನಲ್ಲಿ 1.38 ಕೋಟಿ ಡಾಲರಿಗೆ ಹೋದಾಗ, ನಿಮ್ಮದಕ್ಕೀಗ ಎಷ್ಟಾಗಿದೆ ಎಂದು ಮೂವರು ಫೋನ್ ಮಾಡಿದರು. ಆ ಚಿತ್ರ 1954ರದು, ದಶಕಗಳ ಕಾಲ ಓಸ್ಲೋದ ಆಸ್ಪತ್ರೆಯೊಂದರ ಸ್ವತ್ತಾಗಿತ್ತು. ಹುಸೇನರ ಹೆಸರಿನ ಹಿಂದೆ ಹರಾಜಿನ ದೊಡ್ಡ ದಾಖಲೆಯೇ ಇದೆ. ನನ್ನ ಕ್ಯಾನ್ವಾಸಿನ ಕಲಾವಿದರ ಹೆಸರಿನಲ್ಲಿ ಒಂದು ಹರಾಜಿನ ದಾಖಲೆಯೂ ಇರಲಿಲ್ಲ.

ಒಡವೆಯಲ್ಲದ ಮನೆಬಳಕೆಯ ವಸ್ತುಗಳಂತೆ ಚಿತ್ರಗಳಿಗೂ ಬಂಡವಾಳ ಲಾಭದ ತೆರಿಗೆ ಇಲ್ಲ ಎಂದು ನಾನು ನಂಬಿದ್ದೆ. ಬ್ಯಾಂಕಿನವನಾಗಿ ಹೇಳಲು ನಾಚಿಕೆ: 2007ರ ಹಣಕಾಸು ಕಾಯ್ದೆಯೇ ಆ ವಿನಾಯಿತಿಯನ್ನು ತೆಗೆದಿತ್ತು. ಈಗ 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆಯಿದೆ.

ಆಮೇಲೆ ಕೊಂಡ ಹನ್ನೊಂದು ಕೃತಿಗಳಿಗೆಲ್ಲ ಒಂದೇ ಕ್ರಮವನ್ನು ಪಾಲಿಸಿದ್ದೇನೆ. ಬೆಲೆ ಕೇಳಿ, ಕೊಳ್ಳದೆ ಹಿಂದಿರುಗುತ್ತೇನೆ. ಬಸ್ಸಿನಲ್ಲಿ ಕಣ್ಣು ಮುಚ್ಚಿ, ಯಾವ ಮೂಲೆಯಲ್ಲಿ ಏನಿತ್ತು ಎಂದು ನೆನೆಯುತ್ತೇನೆ. ಎರಡು ದಿನವಾದರೂ ಮಾಸದಿದ್ದರೆ ಮಾತ್ರ ಕಲಾವಿದರಿಗೆ ಫೋನ್ ಮಾಡುತ್ತೇನೆ. ಆ ಹಣವನ್ನು ಪ್ರವಾಸಕ್ಕೆ ಹೋದ ಹಣದಂತೆ ಖರ್ಚಿಗೆ ಬರೆಯುತ್ತೇನೆಯೇ ಹೊರತು ಆಸ್ತಿಯ ಪಟ್ಟಿಗೆ ಸೇರಿಸುವುದಿಲ್ಲ. ಹಾಗೆಂದು ಕಾಗದಪತ್ರದಲ್ಲಿ ಉದಾಸೀನ ಮಾಡಿಲ್ಲ: ಪ್ರತಿ ಕೃತಿಗೂ ಒಂದು ಲಕೋಟೆಯಿದ್ದು, ಅದರಲ್ಲಿ ರಸೀದಿ, ಕಲಾವಿದರ ಸಹಿಯಿರುವ ಪತ್ರ ಮತ್ತು ಚಿತ್ರದ ಹಿಂಬದಿಯ ಫೋಟೋ ಇರುತ್ತವೆ. ಬೆಂಗಳೂರಿನ ಮಳೆಗಾಲದಲ್ಲಿ ಕಾಗದದ ಕೃತಿ ಗಾಜಿಗೆ ಅಂಟಿದರೆ ಬೂಷ್ಟು ಹಿಡಿಯುವುದರಿಂದ, ನಡುವೆ ಆಮ್ಲರಹಿತ ಮೌಂಟ್, ಅಂದರೆ ಚಿತ್ರದ ಸುತ್ತ ಕೂರುವ ರಟ್ಟಿನ ಅಂಚು, ಹಾಕಿಸುತ್ತೇನೆ. ಒಮ್ಮೆ ಫ್ರೇಮಿನವರ ಮಾತು ಕೇಳಿ ಅಗ್ಗದ ರಟ್ಟು ಹಾಕಿಸಿ, ಒಂದು ಜಲವರ್ಣದ ಅಂಚೆಲ್ಲ ಕಂದುಗಟ್ಟಿತು.

ಎಚ್ಚಿಂಗ್ ನನ್ನ ಕುರ್ಚಿಯ ಎದುರಿನ ಗೋಡೆಯಲ್ಲಿದೆ. ಮಗಳು ಎರಡು ಸಲ ಕೇಳಿದರೂ ಕೊಟ್ಟಿಲ್ಲ. ಹಳೆಯ ದುಪ್ಪಟಿ ಸುತ್ತಿಕೊಂಡು ಬೀರುವಿನ ಹಿಂದೆ ಹದಿನೇಳು ವರ್ಷ ನಿಂತಿದ್ದ ಆ ಕ್ಯಾನ್ವಾಸನ್ನು ಕಳೆದ ವರ್ಷ ಹೊರತೆಗೆದು, ಮಹಡಿ ಮೆಟ್ಟಿಲ ಗೋಡೆಗೆ ತೂಗುಹಾಕಿದೆವು. ಮೊಮ್ಮಗಳಿಗೆ ಅದರ ಕೆಂಪು ಬಲು ಇಷ್ಟ. ನನಗೆ ಇನ್ನೂ ಒಗ್ಗಿಲ್ಲ.